ಬೆಳೆಗಾರರ ಆರೋಗ್ಯ: ಮನೆಯಲ್ಲೇ ಮಾಡಿಕೊಳ್ಳಬಹುದಾದ ತಪಾಸಣೆ ಮತ್ತು ಲೆಕ್ಕ

ನಮ್ಮ ಸದಸ್ಯ ಬಾಂಧವರಲ್ಲಿ ಲೆಕ್ಕ ಬಾರದವರು ಯಾರೂ ಇಲ್ಲ. ಹಸಿ ಅಡಿಕೆ ಇಷ್ಟು ಕ್ವಿಂಟಾಲು ಹೋದರೆ ಒಣ ರಾಶಿ ಎಷ್ಟು ಬಂದೀತು ಎಂಬುದನ್ನು ಖೇಣಿ ಮಾತಾಡುವ ಹೊತ್ತಿಗೇ ಬೆರಳಲ್ಲಿ ಎಣಿಸಿ ಹೇಳಬಲ್ಲವರು ಇದ್ದಾರೆ. ಕಾಫಿ ಬೆಳೆಯುವವರ ಮನೆಗಳಲ್ಲಂತೂ ಮಳೆ ಪುಸ್ತಕವೊಂದು ಇದ್ದೇ ಇರುತ್ತದೆ. ಅಪ್ಪನ ಕಾಲದ ಹೂ ಮಳೆ ಯಾವ ತಾರೀಖಿಗೆ ಎಷ್ಟು ಇಂಚು, ಎಷ್ಟು ಸೆಂಟು ಬಿತ್ತು ಎಂಬುದು ಅದರಲ್ಲಿ ಸಿಗುತ್ತದೆ. ಕಾಳಿನ ತೇವಾಂಶ ಒಂದು ಅಂಶ ಹೆಚ್ಚಾದರೆ ಬೆಲೆ ಎಷ್ಟು ಇಳಿಯುತ್ತದೆ ಎಂಬುದೂ ನಮಗೆ ಬಾಯಿಪಾಠ.

ಇದೇ ಯಜಮಾನರನ್ನು, 'ಕಳೆದ ಸಾರಿ ನಿಮ್ಮ ರಕ್ತದ ಒತ್ತಡ ಎಷ್ಟಿತ್ತು?' ಎಂದು ಕೇಳಿ ನೋಡಿ. 'ಡಾಕ್ಟ್ರು ಏನೂ ತೊಂದರೆ ಇಲ್ಲ ಅಂದ್ರು' ಎಂಬ ಉತ್ತರ ಬರುತ್ತದೆ. ಎಷ್ಟು ಎಂಬ ಅಂಕಿ ಬರುವುದಿಲ್ಲ. ಯಾವ ವರ್ಷ ನೋಡಿಸಿದ್ದು ಎಂದು ಕೇಳಿದರೆ ಮನೆಯವರ ಮುಖ ನೋಡುತ್ತಾರೆ.

ಆರೋಗ್ಯದ ಲೇಖನಗಳು ನಮ್ಮ ಪತ್ರಿಕೆಗೆ ಏಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದ ಎಲ್ಲ ರಾಜ್ಯಗಳಲ್ಲೂ ನಡೆದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 11 ಮಂದಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 15 ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ರಕ್ತದೊತ್ತಡ ಹೆಚ್ಚಿರುವವರು 35 ಮಂದಿ. ಈ ಎರಡೂ ಕಾಯಿಲೆಗಳು ಬಂದ ಮೊದಲ ವರ್ಷಗಳಲ್ಲಿ ನೋವು ಕೊಡುವುದಿಲ್ಲ. ಬೇರುಹುಳು ಬಿದ್ದ ಅಡಿಕೆ ಮರದ ಹಾಗೆ, ಸೋಗೆ ಹಳದಿಯಾಗಿ ಕಣ್ಣಿಗೆ ಬೀಳುವ ಹೊತ್ತಿಗೆ ಬೇರು ಅರ್ಧ ಹೋಗಿರುತ್ತದೆ. ಆದ್ದರಿಂದ ಅಳೆದು ನೋಡುವುದೊಂದೇ ದಾರಿ. ಅಳೆಯುವುದಕ್ಕೆ ಬೇಕಾದ್ದೆಲ್ಲ ಬಹುಪಾಲು ನಮ್ಮ ಮನೆಗಳಲ್ಲೇ ಇದೆ: ದರ್ಜಿಯ ಟೇಪು, ಗೋಡೆಗೆ ಒಂದು ಗೆರೆ, ಕನ್ನಡಿ, ಟಾರ್ಚು, ಒಂದು ನೋಟು ಪುಸ್ತಕ. ಲೆಕ್ಕ ಮಾಡಲು ಮೊಬೈಲಿನ ಕ್ಯಾಲ್ಕ್ಯುಲೇಟರ್ ಸಾಕು.

ಟೇಪು ಮತ್ತು ಸೊಂಟ

ತೂಕವನ್ನು ಎತ್ತರದೊಂದಿಗೆ ಹೋಲಿಸಿ ನೋಡುವ ಲೆಕ್ಕವೊಂದಿದೆ. ಅದಕ್ಕೆ ದೇಹತೂಕ ಸೂಚ್ಯಂಕ ಎನ್ನುತ್ತಾರೆ. ಇದನ್ನು ಹುಡುಕಿದವರು ವೈದ್ಯರಲ್ಲ; ಬೆಲ್ಜಿಯಂ ದೇಶದ ಖಗೋಳ ವಿಜ್ಞಾನಿ ಅಡಾಲ್ಫ್ ಕೆಟಲೆ, 1830ರ ದಶಕದಲ್ಲಿ. 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಎಂದು ಲೆಕ್ಕ ಹಾಕುತ್ತ ಹೋದ ಅವರಿಗೆ, ದೊಡ್ಡವರಲ್ಲಿ ತೂಕ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುವುದು ಕಂಡಿತು. ಅದಕ್ಕೆ ಈಗಿನ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಎಂಬುವರ ಲೇಖನದಿಂದ.

ಲೆಕ್ಕ ಸುಲಭ. ಒಬ್ಬ ಬೆಳೆಗಾರರನ್ನು ಉದಾಹರಣೆಗೆ ಹಿಡಿಯೋಣ. ಊರು ಚನ್ನಗಿರಿ ಕಡೆ, ವಯಸ್ಸು 48, ಎತ್ತರ ಐದೂವರೆ ಅಡಿ, ಅಂದರೆ 1.68 ಮೀಟರು, ತೂಕ 71 ಕಿಲೋ. 1.68ನ್ನು 1.68ರಿಂದ ಗುಣಿಸಿದರೆ 2.82. ಎಪ್ಪತ್ತೊಂದನ್ನು 2.82ರಿಂದ ಭಾಗಿಸಿದರೆ 25ಕ್ಕೆ ತುಸು ಮೇಲೆ. ಯೂರೋಪಿನವರ ಪಟ್ಟಿಯಲ್ಲಿ 25ರವರೆಗೆ ಸರಿಯಾದ ತೂಕ. ಅಲ್ಲಿ ನೋಡಿದರೆ ನಮ್ಮ ಬೆಳೆಗಾರರು ಗೆರೆಯ ಮೇಲೆ ನಿಂತಿದ್ದಾರೆ. ಆದರೆ ಭಾರತೀಯರ ಮೈಯಲ್ಲಿ ಅಷ್ಟೇ ತೂಕಕ್ಕೆ ಕೊಬ್ಬಿನ ಪಾಲು ಹೆಚ್ಚು, ಸ್ನಾಯುವಿನ ಪಾಲು ಕಡಿಮೆ. ಹಾಗಾಗಿ ನಮ್ಮ ದೇಶದ ತಜ್ಞರು 2009ರಲ್ಲಿ ಬೇರೆ ಗೆರೆ ಹಾಕಿದರು: 18ರಿಂದ 22.9ರವರೆಗೆ ಸರಿ, 23ರಿಂದ ಹೆಚ್ಚು ತೂಕ, 25ರಿಂದ ಬೊಜ್ಜು. ಮೊಬೈಲಿನಲ್ಲಿ ಸಿಗುವ ಎಷ್ಟೋ ಕ್ಯಾಲ್ಕ್ಯುಲೇಟರುಗಳು ಇಂದಿಗೂ ಹಳೆಯ ಪಟ್ಟಿಯನ್ನೇ ಇಟ್ಟುಕೊಂಡಿವೆ. ಹಸಿರು ಬಣ್ಣ ತೋರಿಸಿತು ಎಂದು ಸಮಾಧಾನ ಪಟ್ಟುಕೊಳ್ಳುವ ಮೊದಲು ಯಾವ ದೇಶದವರ ಗೆರೆ ಎಂದು ನೋಡಿಕೊಳ್ಳಬೇಕು.

ಈ ಲೆಕ್ಕಕ್ಕೆ ಒಂದು ಕುರುಡು ಇದೆ. ಎರಡು ಗೋಣಿ ಹೊತ್ತು ನಡೆಯುವ ಗಟ್ಟಿ ಆಳಿಗೂ, ಕಟ್ಟೆಯ ಮೇಲೆ ಕೂತು ಲೆಕ್ಕ ಬರೆಯುವ ಯಜಮಾನನಿಗೂ ಒಂದೇ ಅಂಕಿ ಬರಬಹುದು. ಕೊಬ್ಬು ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದಕ್ಕಾಗಿಯೇ ನಾವು ತೂಕಕ್ಕಿಂತ ಟೇಪಿಗೆ ಹೆಚ್ಚು ಬೆಲೆ ಕೊಡುತ್ತೇವೆ. ಕೆಳಗಿನ ಪಕ್ಕೆಲುಬು ಮುಗಿಯುವ ಜಾಗಕ್ಕೂ ಸೊಂಟದ ಮೂಳೆ ಶುರುವಾಗುವ ಜಾಗಕ್ಕೂ ನಡುವೆ, ಬರಿಮೈ ಮೇಲೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಳತೆ ತೆಗೆಯಬೇಕು. ಹೊಟ್ಟೆ ಒಳಗೆಳೆದುಕೊಳ್ಳಬಾರದು. ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80. ಅದಕ್ಕೆ ಮೇಲೆ ಹೋದರೆ ಎಚ್ಚರ. ಸೆಂಟಿಮೀಟರು ನೆನಪಿರದವರು ಒಂದು ಹುರಿಯಲ್ಲಿ ತಮ್ಮ ಎತ್ತರ ಅಳೆದು ಅದನ್ನು ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಿಕೊಂಡರೂ ಆಯಿತು. ಹುರಿ ಸಾಲದೆ ಬಂದರೆ ಸೊಂಟ ಹೆಚ್ಚು.

'ನನ್ನ ಪ್ಯಾಂಟಿನ ನಂಬರು 34, ಇಪ್ಪತ್ತು ವರ್ಷದಿಂದ ಬದಲಾಗಿಲ್ಲ' ಎನ್ನುವವರಿಗೆ ಒಂದು ಮಾತು: ಪ್ಯಾಂಟು ವರ್ಷದಿಂದ ವರ್ಷಕ್ಕೆ ಹೊಟ್ಟೆಯ ಕೆಳಕ್ಕೆ ಇಳಿದಿರುತ್ತದೆ, ಅಷ್ಟೇ. ಪಂಚೆ ಉಡುವವರಿಗೆ ಆ ಸಾಕ್ಷಿಯೂ ಇಲ್ಲ.

ಅರವತ್ತು ಅಂಕದ ಲೆಕ್ಕ

ಸಕ್ಕರೆ ಕಾಯಿಲೆ ಯಾರಿಗೆ ಬರುವ ಸಂಭವ ಹೆಚ್ಚು ಎಂಬುದನ್ನು ರಕ್ತ ತೆಗೆಯದೆಯೇ ಅಂದಾಜು ಮಾಡುವ ಲೆಕ್ಕವೊಂದನ್ನು ಚೆನ್ನೈನ ಡಾ. ವಿ. ಮೋಹನ್ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದರು. ಹೊರದೇಶದವರ ಅಂಕಿಗಳಿಂದ ಮಾಡಿದ್ದಲ್ಲ, ನಮ್ಮ ಜನರನ್ನೇ ಅಳೆದು ಮಾಡಿದ್ದು. ಕೇಳುವುದು ನಾಲ್ಕೇ ಸಂಗತಿ.

ವಯಸ್ಸು 35ಕ್ಕೆ ಕಡಿಮೆ ಇದ್ದರೆ ಸೊನ್ನೆ, 35ರಿಂದ 49ರವರೆಗೆ 20, ಐವತ್ತು ಮತ್ತು ಮೇಲೆ 30. ಸೊಂಟ ಗಂಡಸರಲ್ಲಿ 90ಕ್ಕೆ ಕಡಿಮೆ, ಹೆಂಗಸರಲ್ಲಿ 80ಕ್ಕೆ ಕಡಿಮೆ ಇದ್ದರೆ ಸೊನ್ನೆ. ಅಲ್ಲಿಂದ ಹತ್ತು ಸೆಂಟಿಮೀಟರಿನೊಳಗೆ ಹೆಚ್ಚಿದ್ದರೆ 10. ಗಂಡಸರು 100 ಮುಟ್ಟಿದ್ದರೆ, ಹೆಂಗಸರು 90 ಮುಟ್ಟಿದ್ದರೆ 20. ಮೈಮುರಿದು ದುಡಿಯುವವರಿಗೆ ಅಥವಾ ಬಿರುಸಿನ ವ್ಯಾಯಾಮ ಮಾಡುವವರಿಗೆ ಸೊನ್ನೆ, ಮಧ್ಯಮ ಶ್ರಮಕ್ಕೆ 10, ಅಲ್ಪ ಶ್ರಮಕ್ಕೆ 20, ಕೂತೇ ಇರುವವರಿಗೆ 30. ತಂದೆ ತಾಯಿ ಇಬ್ಬರಿಗೂ ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಸೊನ್ನೆ, ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20. ಎಲ್ಲ ಕೂಡಿಸಿ 60 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು. 30ರಿಂದ 50 ಮಧ್ಯಮ. 30ಕ್ಕೆ ಕಡಿಮೆಯಾದರೆ ಕಡಿಮೆ.

ಈಗ ನಮ್ಮ ಉದಾಹರಣೆಯ ಬೆಳೆಗಾರರಿಗೆ ಬರೋಣ. ಸೊಂಟ 96. ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಮಕ್ಕಳ ಓದಿಗೆಂದು ಐದಾರು ವರ್ಷದಿಂದ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದಾರೆ. ವಾರಕ್ಕೆ ಮೂರು ದಿನ ತೋಟಕ್ಕೆ ಹೋಗಿ ಬರುತ್ತಾರೆ. ವಯಸ್ಸಿಗೆ 20, ಸೊಂಟಕ್ಕೆ 10, ತಾಯಿಯ ಕಡೆಯಿಂದ 10. ಶ್ರಮಕ್ಕೆ ಎಷ್ಟು? ಇಲ್ಲೇ ಎಲ್ಲರೂ ಎಡವುವುದು. ಅವರನ್ನೇ ಕೇಳಿದರೆ, 'ನಾನು ತೋಟಗಾರ, ಮೈಮುರಿದು ದುಡಿಯುವವನು, ಸೊನ್ನೆ ಬರಕೊಳ್ಳಿ' ಎನ್ನುತ್ತಾರೆ. ಆಗ ಒಟ್ಟು 40, ನೆಮ್ಮದಿ. ಆದರೆ ಅವರ ದಿನವನ್ನು ಬಿಡಿಸಿ ನೋಡಿ. ಬಡಾವಣೆಯಿಂದ ತೋಟದ ಬೇಲಿಯವರೆಗೆ ಬೈಕು. ತೋಟದಲ್ಲಿ ಆಳುಗಳ ಹಿಂದೆ ನಿಲ್ಲುವುದು, ಪಂಪ್‌ಸೆಟ್ ಮನೆಯವರೆಗೆ ಹೋಗಿ ಬರುವುದು. ಹನಿ ನೀರಾವರಿ ಬಂದ ಮೇಲೆ ಕಾಲುವೆ ತಿರುಗಿಸುವ ಕೆಲಸವೂ ಇಲ್ಲ. ಗುಂಡಿ ಒತ್ತಿದರೆ ನೀರು. ಮಧ್ಯಾಹ್ನ ವಾಪಸು. ಸಂಜೆ ಮಂಡಕ್ಕಿ, ಮಿರ್ಚಿ; ಭಾನುವಾರ ಬೆಣ್ಣೆ ದೋಸೆ. ಇದು ಅಲ್ಪ ಶ್ರಮ, ಅಂಕ 20. ಒಟ್ಟು 60. ನೆಮ್ಮದಿಯ ಗುಂಪಿನಿಂದ ಅಪಾಯದ ಗುಂಪಿಗೆ ಬಂದದ್ದು ಒಂದೇ ಉತ್ತರದ ವ್ಯತ್ಯಾಸದಿಂದ.

ತೋಟ ಇರುವುದು ಬೇರೆ, ತೋಟದ ಕೆಲಸ ಮಾಡುವುದು ಬೇರೆ. ಅಜ್ಜ ಮಾಡಿದ ಶ್ರಮದ ಅಂಕವನ್ನು ಮೊಮ್ಮಗ ಬರೆದುಕೊಳ್ಳಲು ಬರುವುದಿಲ್ಲ. ಅನುಮಾನವಿದ್ದವರು ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ಒಂದು ವಾರ ಹೆಜ್ಜೆ ಎಣಿಸಿ ನೋಡಲಿ.

ಈ ಲೆಕ್ಕದ ಒಳ್ಳೆಯ ಗುಣವೆಂದರೆ ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ ಎಂಬುದನ್ನು ಬೇರೆ ಬೇರೆ ಮಾಡಿ ತೋರಿಸುತ್ತದೆ. ಇನ್ನೆರಡು ವರ್ಷಕ್ಕೆ ಇವರಿಗೆ ಐವತ್ತು ತುಂಬುತ್ತದೆ; ಏನೂ ಮಾಡದಿದ್ದರೆ ಅಂಕ 70. ತಾಯಿಯ ಹತ್ತು ಅಂಕ ಎಂದಿಗೂ ಹೋಗದು. ಆದರೆ ಸೊಂಟವನ್ನು 90ರ ಕೆಳಗಿಳಿಸಿ, ದಿನವೂ ಬೆವರು ಬರುವ ಕೆಲಸವನ್ನು ಕೈಯಾರೆ ಹಿಡಿದರೆ ಐವತ್ತಾದ ಮೇಲೂ ಅಂಕ 40ರಲ್ಲೇ ನಿಲ್ಲುತ್ತದೆ. ಅರವತ್ತು ಬಂದವರಿಗೆಲ್ಲ ಕಾಯಿಲೆ ಇದೆ ಎಂದೂ ಅಲ್ಲ, ನಲವತ್ತು ಬಂದವರಿಗೆ ಇಲ್ಲವೇ ಇಲ್ಲ ಎಂದೂ ಅಲ್ಲ. ಅರವತ್ತು ಬಂದವರು ಬೇಗನೆ ರಕ್ತ ಪರೀಕ್ಷೆ ಮಾಡಿಸಬೇಕು ಎಂಬುದಷ್ಟೇ ಇದರ ಅರ್ಥ. ಬರಿಹೊಟ್ಟೆಯಲ್ಲಿ ಸಕ್ಕರೆ 100ಕ್ಕೆ ಕಡಿಮೆ ಇದ್ದರೆ ಸರಿ. 100ರಿಂದ 125 ಹೊಸ್ತಿಲು. 126 ಅಥವಾ ಹೆಚ್ಚು, ಅದೂ ಮತ್ತೊಮ್ಮೆ ನೋಡಿದಾಗಲೂ ಬಂದರೆ, ಕಾಯಿಲೆ.

ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರ ಕಾಯಿಲೆ ಇರುವವರು ದಿನದಿನದ ಏರಿಳಿತ ನೋಡಿಕೊಳ್ಳಲು ಒಳ್ಳೆಯದು. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು. ಯಂತ್ರ ಬಳಸುವವರಿಗೆ ಎರಡು ಸೂಚನೆ. ಕಾಫಿ ಹಣ್ಣು ಕೊಯ್ದ ಕೈ, ಬೆಲ್ಲ ಮುಟ್ಟಿದ ಕೈ, ಬಾಳೆಹಣ್ಣು ಸುಲಿದ ಕೈಯಲ್ಲಿ ನೋಡಬಾರದು. ಬೆರಳಿಗಂಟಿದ ಸಿಹಿ ರಕ್ತದ ಹನಿಯಲ್ಲಿ ಸೇರಿ ಇಲ್ಲದ ಸಕ್ಕರೆ ತೋರಿಸುತ್ತದೆ. ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿಕೊಂಡು ಚುಚ್ಚಬೇಕು. ಇನ್ನೊಂದು, ಪಟ್ಟಿಗಳ ಡಬ್ಬಿಯನ್ನು ತೆಗೆದ ಕೂಡಲೇ ಮುಚ್ಚಬೇಕು. ಮಲೆನಾಡಿನ ಮಳೆಗಾಲದ ಥಂಡಿ ಗಾಳಿಗೆ ಪಟ್ಟಿ ಕೆಡುತ್ತದೆ, ಒಣಗಿಸಿದ ಕಾಫಿ ತೇವ ಹೀರುವಂತೆಯೇ.

ರಕ್ತದೊತ್ತಡ ನೋಡುವ ಕ್ರಮ

ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ವಿಧಾನವನ್ನು 1896ರಲ್ಲಿ ಇಟಲಿಯ ರಿವಾ ರೋಚಿ ಕಂಡುಹಿಡಿದರು; 1905ರಲ್ಲಿ ರಷ್ಯದ ಕೊರೊಟ್ಕಾಫ್, ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿ ಮೇಲಿನ ಮತ್ತು ಕೆಳಗಿನ ಎರಡೂ ಅಂಕಿ ಹೇಳುವ ಕ್ರಮ ತೋರಿಸಿದರು. ಈಗಿನ ಬ್ಯಾಟರಿ ಯಂತ್ರ ಗುಂಡಿ ಒತ್ತಿದರೆ ತಾನೇ ಅಂಕಿ ಹೇಳುತ್ತದೆ. ತೊಂದರೆ ಇರುವುದು ನಾವು ಅದನ್ನು ಬಳಸುವ ರೀತಿಯಲ್ಲಿ.

ಕೊಳ್ಳುವುದಾದರೆ ಮೇಲ್ತೋಳಿಗೆ ಕಟ್ಟುವಂಥದ್ದನ್ನೇ ಕೊಳ್ಳಿ. ಮಣಿಕಟ್ಟಿನ ಯಂತ್ರ ಕೈ ಸ್ವಲ್ಪ ಮೇಲೆ ಕೆಳಗಾದರೂ ಬೇರೆ ಅಂಕಿ ಕೊಡುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇಲ್ಲದಿದ್ದರೂ ಇದೆ ಎನ್ನುತ್ತದೆ. ನೋಡುವ ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರಬಾರದು. ಕಾಫಿ ಬೆಳೆಗಾರರಿಗೆ ಇದು ಕಷ್ಟದ ಮಾತೇ, ಆದರೆ ಕುಡಿಯಬೇಡಿ ಎಂದಿಲ್ಲ, ನೋಡಿಕೊಂಡು ಕುಡಿಯಿರಿ ಎಂದಷ್ಟೇ. ಬೀಡಿ, ಸಿಗರೇಟು, ಎಲೆಅಡಿಕೆಯೂ ಅದೇ ಲೆಕ್ಕ. ಮೂತ್ರ ಕಟ್ಟಿಕೊಂಡಿರಬಾರದು. ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ಮನೆ ಕೂತಿರಬೇಕು. ಮಾತು ಬೇಡ, ಖೇಣಿದಾರರ ಫೋನು ಬಂದರೆ ಆಮೇಲೆ ತೆಗೆದುಕೊಳ್ಳಿ. ಒಂದು ನಿಮಿಷ ಬಿಟ್ಟು ಎರಡು ಸಾರಿ ನೋಡಿ, ಎರಡನ್ನೂ ಬರೆಯಿರಿ.

ಒಂದು ದಿನದ ಅಂಕಿಯಿಂದ ಏನೂ ಹೇಳಲಾಗದು. ಬೆಳಿಗ್ಗೆ ಸಂಜೆ ಏಳು ದಿನ ನೋಡಿ, ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯುವುದು ಒಪ್ಪಿತ ಕ್ರಮ. ಲೆಕ್ಕ ತಿಳಿಯಲೆಂದು ಒಬ್ಬರ ಬೆಳಗಿನ ಮೇಲಂಕಿಗಳನ್ನಷ್ಟೇ ನೋಡೋಣ: 148, 142, 138, 140, 136, 134, 136. ಮೊದಲ ದಿನ ಯಂತ್ರದ ಭಯಕ್ಕೇ ಏರಿರುತ್ತದೆ. 148 ಬಿಟ್ಟು ಉಳಿದ ಆರನ್ನು ಕೂಡಿಸಿದರೆ 826, ಆರರಿಂದ ಭಾಗಿಸಿದರೆ 138. ಆಸ್ಪತ್ರೆಯಲ್ಲಿ ಗೆರೆ 140/90. ಮನೆಯಲ್ಲಿ ಗೆರೆ 135/85, ಏಕೆಂದರೆ ಮನೆಯಲ್ಲಿ ಮನಸ್ಸು ಹಗುರ. ಆದ್ದರಿಂದ ಇವರ 138 ಮನೆಯ ಗೆರೆಗೆ ಮೇಲೆ. ಆ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಬೇಕು. ಕೆಲವರಲ್ಲಿ ಇದರ ತಿರುಗುಮುರುಗು ಇರುತ್ತದೆ: ಆಸ್ಪತ್ರೆಯಲ್ಲಿ 150, ಮನೆಯಲ್ಲಿ 125. ಏಳು ದಿನದ ಆ ಪಟ್ಟಿಯನ್ನು ನೋಡಿದ ವೈದ್ಯರು ಮಾತ್ರೆ ಶುರುಮಾಡುವ ಮೊದಲು ಯೋಚಿಸುತ್ತಾರೆ. ಮೊದಲೇ ಮಾತ್ರೆ ನುಂಗುತ್ತಿರುವವರು, 'ಈಗ 120 ಬಂದಿದೆ, ವಾಸಿಯಾಯಿತು' ಎಂದು ತಾವಾಗಿ ಬಿಡಬಾರದು. ಆ 120 ಬಂದದ್ದೇ ಮಾತ್ರೆಯಿಂದ. ಬೋರ್ಡೋ ಹೊಡೆದ ವರ್ಷ ಕೊಳೆ ಬರಲಿಲ್ಲವೆಂದು ಮರುವರ್ಷ ಬೋರ್ಡೋ ಬಿಟ್ಟವರ ತೋಟ ಏನಾಯಿತೆಂದು ನಾವೆಲ್ಲ ಕಂಡಿದ್ದೇವೆ.

ಒತ್ತಡದ ಜೊತೆಗೆ ಉಪ್ಪಿನ ಲೆಕ್ಕವೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗೆ ಕಡಿಮೆ, ಅಂದರೆ ಒಂದು ಟೀ ಚಮಚದಷ್ಟು. ಚಮಚ ಹಿಡಿದು ಸಾರಿನಲ್ಲಿ ಅಳೆಯಲಾಗದು. ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ಮನೆಯಲ್ಲಿ ಐದು ಜನರಿದ್ದರೆ ಅದು ಕಡೆಯಪಕ್ಷ 40 ದಿನ ಬರಬೇಕು. ಇಪ್ಪತ್ತೇ ದಿನಕ್ಕೆ ಮುಗಿದರೆ ತಲೆಗೆ 10 ಗ್ರಾಮು ಹೋಗಿದೆ ಎಂದಾಯಿತು. ಆಳುಗಳ ಊಟಕ್ಕೆ, ದನದ ಕಲಗಚ್ಚಿಗೆ ಹಾಕಿದ್ದನ್ನು ಕಳೆಯಿರಿ. ಆದರೆ ಅಂಗಡಿಯ ಮಿರ್ಚಿ, ಹಪ್ಪಳ, ಕೊಂಡ ಉಪ್ಪಿನಕಾಯಿಯ ಉಪ್ಪು ಈ ಪೊಟ್ಟಣದಲ್ಲಿ ಇಲ್ಲ ಎಂಬುದನ್ನೂ ಮರೆಯಬೇಡಿ. ಈ ಲೆಕ್ಕ ಮನೆಯ ಹೆಣ್ಣುಮಕ್ಕಳ ಕೈಯಲ್ಲಿರುವುದೇ ಮೇಲು. ಗಂಡಸರು ಕೂಡಿಸುವಾಗ ಉಪ್ಪಿನಕಾಯಿ ಬಿಟ್ಟುಬಿಡುತ್ತಾರೆ.

ಬಾಯಿ

ಇನ್ನು ಹೇಳುವ ಮಾತು ನಮ್ಮ ಕೆಲವು ಓದುಗರಿಗೆ ಹಿಡಿಸದು. ಆದರೂ ಬೇರೆಯವರು ಹೇಳುವುದಕ್ಕಿಂತ ಅಡಿಕೆ ಬೆಳೆಗಾರರ ಪತ್ರಿಕೆಯಲ್ಲೇ ಬರುವುದು ಮರ್ಯಾದೆ ಎಂದು ನಮ್ಮ ಭಾವನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಸೇರಿಸಿದ ಎಲೆಅಡಿಕೆಯನ್ನಷ್ಟೇ ಅಲ್ಲ, ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಈ ವರ್ಗೀಕರಣದ ಬಗ್ಗೆ ಬೆಳೆಗಾರರ ಸಂಘಟನೆಗಳು ಎತ್ತಿರುವ ಆಕ್ಷೇಪಗಳು, ಹೊಸ ಸಂಶೋಧನೆಯ ಬೇಡಿಕೆ, ಮಾರುಕಟ್ಟೆಯ ಆತಂಕ, ಇವೆಲ್ಲ ಬೇರೆ ಸಂಚಿಕೆಯ ವಿಷಯ. ಅದರ ವಾದ ಏನೇ ಇರಲಿ, ಅದು ನಮ್ಮ ನಮ್ಮ ಬಾಯಿ ನೋಡಿಕೊಳ್ಳುವುದಕ್ಕೆ ಅಡ್ಡ ಬರಬೇಕಾಗಿಲ್ಲ. ಬೆಲೆ ಇಳಿದೀತೆಂದು ಹುಣ್ಣು ಮುಚ್ಚಿಟ್ಟುಕೊಂಡರೆ ಬೆಲೆಯೇನೂ ಏರುವುದಿಲ್ಲ.

ಅಡಿಕೆ ಜಗಿಯುವವರಲ್ಲಿ ಬರುವ ಒಂದು ಕಾಯಿಲೆಯಲ್ಲಿ ಕೆನ್ನೆಯ ಒಳಪದರು ನಾರುಗಟ್ಟುತ್ತ ಹೋಗುತ್ತದೆ. ದಂತವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ; ಮನೆಯಲ್ಲಿ ಸಾರಿಗೆ ಖಾರ ಹೆಚ್ಚಾಯಿತೆಂದು ಜಗಳವಾಗುವುದೂ ಉಂಟು. ಆಮೇಲೆ ಕೆನ್ನೆ ಬಿಳಿಚಿ ಬಿಗಿಯಾಗುತ್ತದೆ, ಬಾಯಿ ಪೂರ್ತಿ ತೆರೆಯದು, ಸಿಳ್ಳೆ ಹಾಕಲಾಗದು. ನಾರುಗಟ್ಟಿದ್ದು ಪೂರಾ ಮೊದಲಿನಂತೆ ಆಗುವುದಿಲ್ಲ. ಜಗಿಯುವುದನ್ನು ಬಿಟ್ಟರೆ ಮುಂದುವರಿಯುವುದು ನಿಲ್ಲಬಹುದು. ಬಿಡದಿದ್ದರೆ ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ.

ಪರೀಕ್ಷೆ ಬಹು ಸುಲಭ. ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಜೋಡಿಸಿ, ನೆಟ್ಟಗೆ ನಿಲ್ಲಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಅವರವರ ಬೆರಳು ಅವರವರ ಬಾಯಿಗೆ. ಮೂರು ಬೆರಳು ಹೋದರೆ ಸರಿ. ಎರಡೇ ಹೋದರೆ ದಂತವೈದ್ಯರಿಗೆ ತೋರಿಸಿ. ಎಷ್ಟು ಬೆರಳು ಎಂಬುದನ್ನು ಪುಸ್ತಕದಲ್ಲಿ ಬರೆಯಿರಿ, ಏಕೆಂದರೆ ಬಾಯಿ ಮುಚ್ಚಿಕೊಳ್ಳುವುದು ವರ್ಷಗಟ್ಟಲೆ ನಿಧಾನವಾಗಿ, ನಮಗೇ ಗೊತ್ತಾಗದಂತೆ.

ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಕನ್ನಡಿಯ ಮುಂದೆ ಟಾರ್ಚು ಹಿಡಿದು ಕೆನ್ನೆಯ ಒಳಗೆ ಎರಡೂ ಕಡೆ, ತುಟಿಯ ಒಳಭಾಗ, ವಸಡು, ಅಂಗುಳ, ನಾಲಿಗೆಯ ಅಂಚು, ನಾಲಿಗೆ ಎತ್ತಿ ಅದರ ಅಡಿ ನೋಡಬೇಕು. ಎಲೆಅಡಿಕೆ ಯಾವ ಕಡೆಗೆ ಒತ್ತರಿಸಿಕೊಳ್ಳುತ್ತೀರೋ ಆ ಕಡೆ ಎರಡು ಸಾರಿ. ಒರೆಸಿದರೆ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಕೈಗೆ ಸಿಗುವ ಗಟ್ಟಿ, ಎರಡು ವಾರ ಕಳೆದರೂ ಮಾಯದ ಹುಣ್ಣು, ಇವುಗಳಲ್ಲಿ ಯಾವುದಿದ್ದರೂ ತಡಮಾಡಬಾರದು. ನೋವಿಲ್ಲ ಎಂಬುದು ಸಮಾಧಾನವಲ್ಲ. ಮೊದಲ ಹಂತದಲ್ಲಿ ನೋವು ಇರುವುದೇ ಅಪರೂಪ. ದಾವಣಗೆರೆಯ ಸುತ್ತಲಿನವರಿಗೆ ಇದು ದೂರದ ಮಾತೂ ಅಲ್ಲ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ದಂತ ಕಾಲೇಜು ಬಂದ ಊರು ಅದು. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಅಕ್ಕಪಕ್ಕದ ಜಿಲ್ಲೆಗಳವರು ಬಸ್ಸು ಹತ್ತಿ ಬರುವಾಗ, ಹರಿಹರದಲ್ಲೋ ಕೆ.ಬಿ. ಬಡಾವಣೆಯಲ್ಲೋ ಇರುವ ನಮ್ಮವರು ಬಾಯಿ ತೋರಿಸಲು ವರ್ಷ ಕಾಯುವುದಕ್ಕೆ ಕಾರಣವಿಲ್ಲ.

ಮನೆಯ ಇತರರು, ತೋಟದ ಇತರರು

ಪಹಣಿ ಯಜಮಾನರ ಹೆಸರಿನಲ್ಲಿರುವಂತೆ ಆರೋಗ್ಯದ ಲೆಕ್ಕವೂ ಅವರ ಹೆಸರಿನಲ್ಲೇ ನಿಂತುಹೋಗುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿಯವರೆಗೆ ಕೂತು ದುಡಿಯುವ ಹೆಣ್ಣುಮಕ್ಕಳ ಸೊಂಟ, ಒತ್ತಡ, ಸಕ್ಕರೆ ಯಾರ ಪುಸ್ತಕದಲ್ಲೂ ಇರುವುದಿಲ್ಲ. ಅವರಿಗೆ ಗೆರೆ 80 ಎಂಬುದನ್ನು ಮೇಲೆ ಹೇಳಿದ್ದೇವೆ. ಬಸುರಿಯಲ್ಲಿ ಸಕ್ಕರೆ ಬಂದು ಹೋಗಿದ್ದರೆ ಮುಂದೆ ಮತ್ತೆ ಬರುವ ಸಂಭವ ಹೆಚ್ಚು. ಹೆರಿಗೆಯ ನಂತರವೂ ನೋಡಿಸುತ್ತಿರಬೇಕು. ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುವುದು, ಇವನ್ನು ಸಂಕೋಚದಿಂದ ಮುಚ್ಚಿಡಬಾರದು. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ಪ್ರಶ್ನಾವಳಿ ತರುತ್ತಾರೆ: ವಯಸ್ಸು, ಸೊಂಟ, ತಂಬಾಕು, ಮದ್ಯ, ಶ್ರಮ, ಮನೆತನದ ಕಾಯಿಲೆ. ಅದೂ ಒಂದು ಅಂಕದ ಲೆಕ್ಕವೇ. ನಾಲ್ಕು ಮೀರಿದವರನ್ನು ಮೊದಲು ತಪಾಸಣೆಗೆ ಕಳಿಸುತ್ತಾರೆ. ಬಾಗಿಲಲ್ಲೇ 'ನಮಗೇನೂ ಇಲ್ಲಮ್ಮ' ಎಂದು ಕಳಿಸಿಬಿಡುವುದು ನಮ್ಮ ದೊಡ್ಡ ಮನೆಗಳ ಚಾಳಿ. ಅದು ಒಳ್ಳೆಯದಲ್ಲ.

ಕೊನೆ ತೆಗೆಯುವವರ ಬಗ್ಗೆಯೂ ಒಂದು ಮಾತು. ಕಾರ್ಬನ್ ದೋಟಿ ಬಂದಿದ್ದರೂ ಮರ ಹತ್ತುವವರು ಇನ್ನೂ ಇದ್ದಾರೆ. ನೆಲದ ಮೇಲೆ ತಲೆ ಸುತ್ತಿದರೆ ಕೂತರಾಯಿತು. ಮರದ ತುದಿಯಲ್ಲಿ ಸುತ್ತಿದರೆ? ಮನೆಯಲ್ಲಿ ಯಂತ್ರವಿದ್ದವರು ಕೊಯ್ಲು ಶುರುವಾಗುವ ಮೊದಲು ಅವರ ಒತ್ತಡವನ್ನೂ ನೋಡಿ, ಹೆಚ್ಚಿದ್ದರೆ ಮರಕ್ಕೆ ಬಿಡದೆ ಆಸ್ಪತ್ರೆಗೆ ಕಳಿಸಬೇಕು. ಆ ದಿನದ ಕೂಲಿ ಕೊಟ್ಟೇ ಕಳಿಸಬೇಕು, ಇಲ್ಲವಾದರೆ ಅವರು ಮುಂದಿನ ಸಲ ಕೈ ಚಾಚುವುದಿಲ್ಲ.

ಲೆಕ್ಕ ಹಾಕಬಾರದ ಸಮಯ

ಎದೆಯ ನಡುವೆ ಒತ್ತಿದಂಥ ನೋವು, ಅದು ಎಡಗೈಗೋ ದವಡೆಗೋ ಹರಿಯುವುದು, ಕಾರಣವಿಲ್ಲದೆ ಬೆವರು. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು, ಒಂದು ಕೈ ಬೀಳುವುದು, ಮಾತು ತೊದಲುವುದು: ಇಂಥ ಹೊತ್ತಿನಲ್ಲಿ ಯಂತ್ರ ಹುಡುಕುತ್ತ, ಅಂಕ ಕೂಡಿಸುತ್ತ ಕೂರಬಾರದು. ಮೆದುಳಿನ ರಕ್ತನಾಳ ಕಟ್ಟಿದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆ ಸೇರಿ ತಲೆಯ ಸ್ಕ್ಯಾನು ಮುಗಿದಿರಬೇಕು. ತೋಟದಿಂದ ರಸ್ತೆಗೆ, ರಸ್ತೆಯಿಂದ ಪಟ್ಟಣಕ್ಕೆ ಎಷ್ಟು ಹೊತ್ತು ಎಂಬುದು ನಿಮಗೆ ಗೊತ್ತು. 108ಕ್ಕೆ ಫೋನು ಮಾಡಿ. ಗಾಡಿ ಬರುವುದು ತಡವಾಗುವ ಊರಾದರೆ ಇದ್ದ ವಾಹನದಲ್ಲಿ ಹೊರಡಿ. ಕಾಯಿಲೆ ಶುರುವಾದ ಗಳಿಗೆಯನ್ನು ಮಾತ್ರ ಗಡಿಯಾರ ನೋಡಿ ಬರೆದುಕೊಳ್ಳಿ. ಆಸ್ಪತ್ರೆಯವರು ಮೊದಲು ಕೇಳುವುದು ಅದನ್ನೇ.

ಪುಸ್ತಕ ಹೇಗಿರಬೇಕು ಎಂದು ಕೆಲವು ಸದಸ್ಯರು ಕೇಳಬಹುದು. ನೂರು ಪುಟದ ಗೆರೆ ಪುಸ್ತಕ ಸಾಕು, ಮನೆಯ ಒಬ್ಬೊಬ್ಬರಿಗೆ ಹತ್ತು ಪುಟ. ಮೊದಲ ಪುಟದಲ್ಲಿ ಹೆಸರು, ಹುಟ್ಟಿದ ವರ್ಷ, ಎತ್ತರ, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಯಾವ ಔಷಧಿ ಮೈಗೆ ಒಗ್ಗುವುದಿಲ್ಲ ಎಂಬುದು. ಮುಂದಿನ ಪುಟಗಳಲ್ಲಿ ತಾರೀಖು, ತೂಕ, ಸೊಂಟ, ಒತ್ತಡ, ಸಕ್ಕರೆ, ಬಾಯಿ ಎಷ್ಟು ಬೆರಳು. ಸೊಂಟ ಮತ್ತು ತೂಕ ತಿಂಗಳಿಗೊಮ್ಮೆ, ಅಂಕದ ಲೆಕ್ಕ ವರ್ಷಕ್ಕೊಮ್ಮೆ ಯುಗಾದಿಯ ಆಸುಪಾಸಿನಲ್ಲಿ. ಸರಿ ಕಾಣದ ಅಂಕಿ ಬಂದರೆ ಅಳಿಸಬೇಡಿ, ಪಕ್ಕದಲ್ಲಿ 'ಜ್ವರವಿತ್ತು', 'ನಿದ್ದೆ ಇರಲಿಲ್ಲ', 'ಮದುವೆ ಊಟ' ಎಂದು ಬರೆಯಿರಿ. ಪ್ರಯೋಗಶಾಲೆಯ ಚೀಟಿಗಳ ಅಕ್ಷರ ಒಂದೆರಡು ವರ್ಷಕ್ಕೆ ಮಾಸಿಹೋಗುತ್ತದೆ. ಅಂಕಿಗಳನ್ನು ಪುಸ್ತಕಕ್ಕೆ ಇಳಿಸಿಕೊಂಡು ಆಮೇಲೆ ಚೀಟಿ ಲಗತ್ತಿಸಿ. ವೈದ್ಯರಲ್ಲಿಗೆ ಹೋಗುವಾಗ ಪುಸ್ತಕ ಚೀಲದಲ್ಲಿರಲಿ. ಮಿಕ್ಕ ದಿನ ಮಳೆ ಪುಸ್ತಕದ ಪಕ್ಕದಲ್ಲೇ ಇರಲಿ, ಹುಡುಕುವ ಕೆಲಸ ತಪ್ಪುತ್ತದೆ.